ಕಹಿಬಳ್ಳಿ ತಿಂದ ಚಿಟ್ಟೆ

ಊರಿನ ನಡುವೆ ಮರವಿತ್ತು, ಮರದ ತುಂಬ ಕರಿಹಕ್ಕಿಗಳಿದ್ದವು, ಹಕ್ಕಿಗಳ ಕೆಳಗೆ ಊರಿತ್ತು. ಆ ಊರಿನ ಗುರುತು ಕೇಳಿದವರಿಗೆ ಇಷ್ಟೇ ಹೇಳಬೇಕು. ಇದಕ್ಕಿಂತ ಹೆಚ್ಚು ಹೇಳಿದರೆ ಆ ಕಡೆ ಕಾಲಿಡಲು ಯಾರೂ ಒಪ್ಪುವುದಿಲ್ಲ. ಅಲ್ಲಿಯವರ ಹೆಸರು ಹಿಡಿದು ಕಥೆ ಹೇಳಲು ನನಗೂ ಎದೆ ಸಾಲದು, ಏಕೆಂದು ಈಗಲೇ ತಿಳಿಯುತ್ತದೆ. ಅವರವರ ಕೆಲಸವನ್ನೇ ಅವರವರ ಗುರುತು ಮಾಡಿಕೊಂಡು ಹೇಳುತ್ತೇನೆ.

ಕಟ್ಟಳೆ ಹೀಗಿತ್ತು. ಮಗುವಿನ ಹಾಲುಹಲ್ಲು ಬಿದ್ದ ವರ್ಷ ಅದರ ಹೆಸರಿನಲ್ಲಿ ಮನೆಯಲ್ಲೊಂದು ಹುಳು ಸಾಕಬೇಕು. ತೆಳುಬಟ್ಟೆಯ ಗೂಡು ಕಟ್ಟಿ, ಗೂಡಿನೊಳಗೆ ಗಿಡದ ಕುಂಡ ಇಟ್ಟು, ಗಿಡದ ಮೇಲೆ ತತ್ತಿ ಇಟ್ಟು, ತತ್ತಿ ಹುಳುವಾಗಿ, ಹುಳು ಕೋಶವಾಗಿ, ಕೋಶ ಒಡೆದು ರೆಕ್ಕೆಗೆ ಬಾಲವಿರುವ ಚಿಟ್ಟೆ ಹೊರಬರುವ ತನಕ ಕಾಯಬೇಕು. ಆಮೇಲೆ ಗೂಡನ್ನು ಮರದ ಕೆಳಗೆ ಒಯ್ದು ಬಾಯಿ ಬಿಚ್ಚಬೇಕು. ಚಿಟ್ಟೆ ಮರ ದಾಟಿ ಮನೆಗಳ ಮಾಡಿನ ಮೇಲೆ ಹಾರಿಹೋದರೆ ಊರಿಗೂರೇ ಆ ಮಗುವಿನ ಹೆಸರು ಕೂಗುತ್ತಿತ್ತು. ಹಕ್ಕಿ ಹಿಡಿದರೆ ಆ ಹೆಸರನ್ನು ಮತ್ತೆ ಯಾರೂ ಎತ್ತುವಂತಿರಲಿಲ್ಲ, ಹೆತ್ತವಳು ಕೂಡ. ಮಗುವಿನ ಕೈಗೆ ಪೊರಕೆ ಕೊಟ್ಟು ಮರದ ಆಚೆ ಮಗ್ಗುಲಿಗೆ ಕಳಿಸುತ್ತಿದ್ದರು. ಅದು ಅಲ್ಲೇ ಹಕ್ಕಿಗಳ ಹಿಕ್ಕೆ ಗುಡಿಸುತ್ತ ದೊಡ್ಡದಾಗುತ್ತಿತ್ತು. ಎದುರಿಗೆ ಬಂದರೆ ಊರು ಅದನ್ನು ಕಾಣದಂತೆ ನಡೆದುಹೋಗುತ್ತಿತ್ತು. ಹೆಸರು ಹೋದವರನ್ನು ಹೆಸರು ಹಿಡಿದು ಕರೆದವರ ಹೆಸರೂ ಹೋಗುತ್ತಿತ್ತು.

ಈ ಕಟ್ಟಳೆ ಮಾಡಿದವರು ಯಾರೋ, ಹಕ್ಕಿಗಳಂತೂ ಅಲ್ಲ. ಅವಕ್ಕೆ ತಮ್ಮ ಹೊಟ್ಟೆಯೊಂದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಯಾವ ಮನೆಗೆ ಯಾವ ಎಲೆ ಎಂದು ಆರಿಸಿ ಕೊಡುವವಳು ಎಲೆಗಾತಿ. ಬಾಲದ ಚಿಟ್ಟೆಯ ಹುಳು ಕಂಡಕಂಡ ಎಲೆಗೆ ಬಾಯಿ ಹಾಕುವ ಜಾತಿಯಲ್ಲ. ಯಾವ ಎಲೆಯ ಮೇಲೆ ಹುಟ್ಟಿತೋ ಅದೇ ಅದಕ್ಕೆ ಅನ್ನ. ಬೇರೆ ಎಲೆ ಇಟ್ಟರೆ ಉಪವಾಸ ಬಿದ್ದು ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಎಲೆಗಾತಿ ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಸುತ್ತಿದ್ದಳು, ನಾಲಿಗೆಯ ತುದಿಗೆ ತಾಗಿಸುತ್ತಿದ್ದಳು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಳೆಹುಳಕ್ಕೆ ಚಿಗುರು ಕೊಡಿ, ಬಲಿತ ಹುಳಕ್ಕೆ ಬಲಿತ ಎಲೆ ಕೊಡಿ, ತೊಳೆದ ಎಲೆಯ ನೀರು ಆರಿಸದೆ ಇಡಬೇಡಿ, ಬೇವಿನ ಹೊಗೆ ಹಾಕಿದ ಕೋಣೆಯಲ್ಲಿ ಗೂಡು ಇಡಬೇಡಿ ಎಂದು ಮನೆಮನೆಗೂ ಹೇಳಿ ಬರುತ್ತಿದ್ದಳು. ಅವಳ ತಾಯಿಯೂ ಹೀಗೇ ಹೇಳಿಕೊಂಡು ತಿರುಗಿದವಳು.

ಎಲೆಗಳು ಎರಡೇ. ಒಂದು ಕರಿಬೇವು, ಇನ್ನೊಂದು ಕಹಿಬಳ್ಳಿ. ಕರಿಬೇವಿನ ಹುಳು ಸಾಧು, ಹಸಿರು, ಮನೆಗೆ ಲಕ್ಷಣ. ಕಹಿಬಳ್ಳಿಯದು ಕಗ್ಗೆಂಪು, ಮೈತುಂಬ ಮೆತ್ತನೆಯ ಮುಳ್ಳು, ಮುಟ್ಟಿದರೆ ತಲೆಯಿಂದ ಕೋಡು ಚಾಚಿ ನಾತ ಬಿಡುವ ಪ್ರಾಣಿ. ಆದರೆ ಕೋಶ ಒಡೆದು ಬಂದಾಗ ಎರಡಕ್ಕೂ ಒಂದೇ ವೇಷ: ಕಪ್ಪು ರೆಕ್ಕೆ, ಕೆಂಪು ಚುಕ್ಕೆ, ಹಿಂದೆ ಬಾಲ. ಕಹಿ ತಿಂದದ್ದರ ಮೈಯೆಲ್ಲ ಕಹಿ. ಅದನ್ನು ಕಚ್ಚಿದ ಹಕ್ಕಿ ಕಾರಿಕೊಂಡು, ಬದುಕಿರುವ ತನಕ ಕೆಂಪು ಚುಕ್ಕೆ ಕಂಡರೆ ಮುಖ ತಿರುಗಿಸುತ್ತಿತ್ತು. ಕರಿಬೇವು ತಿಂದದ್ದು ಆ ವೇಷದ ನೆರಳಿನಲ್ಲಿ ಜೀವ ಉಳಿಸಿಕೊಳ್ಳುತ್ತಿತ್ತು. ಹಿಂದೆಲ್ಲ ಅರ್ಧ ಊರು ಕಹಿ ಸಾಕುತ್ತಿತ್ತು, ಅರ್ಧ ಊರು ಕರಿಬೇವು.

ಮೊದಲು ರಾಗ ಎಳೆದವಳು ಪಕ್ಕದ ಮನೆಯ ಹಪ್ಪಳದಾಕೆ. ಅವಳ ಹಿರಿಮಗನ ವರ್ಷದಲ್ಲಿ ಕಹಿಯ ಪಾಳಿ ಅವಳಿಗೆ ಬಂದಿತ್ತು.

"ಆ ಬಳ್ಳಿ ನಾತ ಹಿಡಿದ್ರೆ ನನ್ನ ಹಪ್ಪಳ ಯಾರು ಕೊಳ್ತಾರೆ ಕಣೆ? ಕರಿಬೇವೇ ಕೊಡು. ಹೆಂಗಿದ್ರೂ ವೇಷ ಒಂದೇ ಅಲ್ವಾ?"

"ಎಲ್ಲರೂ ಹಿಂಗೇ ಅಂದ್ರೆ ಹೆಂಗಕ್ಕಾ?"

"ಎಲ್ಲರೂ ಎಲ್ಲಿ ಅಂದ್ರು? ನಾನೊಬ್ಳು ಅಂದೆ. ಒಂದು ಮನೇಲಿ ಕಹಿ ಸಾಕದಿದ್ರೆ ಹಕ್ಕಿಗೇನು ಗೊತ್ತಾಗುತ್ತಾ?"

ಎಲೆಗಾತಿ ಕರಿಬೇವೇ ಕೊಟ್ಟಳು. ಹಕ್ಕಿಗೆ ಗೊತ್ತಾಗಲಿಲ್ಲ. ಮುಂದಿನ ವರ್ಷ ಇನ್ನೊಂದು ಮನೆ, ಅದರ ಮುಂದಿನ ವರ್ಷ ಬೀದಿಯೇ. ಹತ್ತರ ಜೊತೆ ಹನ್ನೊಂದು. ಬೇಲಿಗಳ ಮೇಲಿದ್ದ ಕಹಿಬಳ್ಳಿ ಕಿತ್ತು ಮಲ್ಲಿಗೆ ಹಬ್ಬಿಸಿದರು. ಊರು ಘಮಘಮ ಎಂದಿತು. ಎಲೆಗಾತಿ ಸುಮ್ಮನಿದ್ದಳು, ಕಾರಣ ಕೇಳಿದರೆ ನಾಚಿಕೆಯಾಗಬೇಕು. ಅವಳ ಕೈಗೂ ನಾತ ಹತ್ತುವುದು ತಪ್ಪಿತ್ತು.

ಹೀಗಿರುವಾಗ ಅವಳ ಮಗಳ ಮುಂದಿನ ಹಲ್ಲು ಬಿತ್ತು.

ಆ ಬೇಸಿಗೆ ಮರದ ಹಳೆಯ ಹಕ್ಕಿಗಳೆಲ್ಲ ಬಿಸಿಲಿಗೆ ಉದುರಿಹೋಗಿದ್ದವು. ಮರ ಖಾಲಿಯಾಗಲಿಲ್ಲ, ಮರಿಗಳು ರೆಕ್ಕೆ ಬಲಿತು ಕೊಂಬೆ ತುಂಬಿಕೊಂಡವು. ಕೊಕ್ಕಿನ ಮೂಲೆಯ ಹಳದಿ ಇನ್ನೂ ಆರಿರಲಿಲ್ಲ. ಎಲೆಗಾತಿ ಒಂದು ಬೆಳಿಗ್ಗೆ ಹಪ್ಪಳದಾಕೆಯ ಅಂಗಳದಲ್ಲಿ ನಿಂತಿದ್ದಾಗ ಒಂದು ಮರಿಹಕ್ಕಿ ಇಳಿದು ಒಣಹಾಕಿದ್ದ ಕೆಂಪು ಮೆಣಸಿನಕಾಯಿಯನ್ನು ಕುಕ್ಕಿತು. ಆಮೇಲೆ ಹಗ್ಗದ ಮೇಲೆ ಒಣಹಾಕಿದ್ದ ಕೆಂಪು ರವಿಕೆಯ ಅಂಚನ್ನು ಕುಕ್ಕಿತು. ಹಳೆಯ ಹಕ್ಕಿಗಳು ಕೆಂಪು ಕಂಡರೆ ಮಾರು ದೂರ ಹಾರುತ್ತಿದ್ದವು. ಇದು ಕತ್ತು ಓರೆ ಮಾಡಿ ಎಲೆಗಾತಿಯ ಹಣೆಯ ಕುಂಕುಮವನ್ನೇ ನೋಡಿತು. ಅವಳಿಗೆ ಆಗ ಹೊಳೆಯಿತು. ಇವಕ್ಕೆ ಯಾರೂ ಕಲಿಸಿಲ್ಲ, ಕಲಿಸುವ ಕಹಿ ಊರಿನಲ್ಲಿ ಉಳಿದಿಲ್ಲ, ಗೂಡುಗಳಲ್ಲಿ ಬೆಳೆಯುತ್ತಿರುವುದೆಲ್ಲ ಸಿಹಿ.

ಅವಳು ಓಡಿದ್ದು ಗೂಡಿನ ಯಜಮಾನನ ಮನೆಗೆ. ಗೂಡು ಬಿಚ್ಚುವ ಸರದಿಯನ್ನು ಹೇಳುವವನೂ ಅವನೇ, ಪೊರಕೆ ಕೊಡುವವನೂ ಅವನೇ.

"ಈ ವರ್ಷ ಬೇಡ ಯಜಮಾನರೇ. ಹಕ್ಕಿಗಳು ಹೊಸವು. ಒಂದೂ ಕಹಿ ಕಂಡಿಲ್ಲ."

ಯಜಮಾನ ತಾಂಬೂಲ ಜಗಿಯುತ್ತ ಕೇಳಿದ. "ಹೋದ ವರ್ಷ ಏನಾದ್ರೂ ಆಯ್ತಾ?"

"ಇಲ್ಲ."

"ಅದರ ಹಿಂದಿನ ವರ್ಷ?"

"ಇಲ್ಲ. ಆಗ ಹಳೇ ಹಕ್ಕಿಗಳಿದ್ವು."

"ಹಕ್ಕಿ ಅಂದ್ರೆ ಹಕ್ಕಿ ಕಣಮ್ಮ. ಮಗಳ ವರ್ಷ ಅಂತ ನಿನಗೆ ಎದೆ ಡವಡವ ಅಂತಿದೆ. ಹೋಗು, ಬಿಸಿನೀರು ಕುಡಿ."

ಬೀದಿಯಲ್ಲಿ ನಿಂತು ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಕಹಿ ಬಿಡಿಸಿದವಳು ನೀನೇ ತಾನೆ ಎನ್ನುತ್ತಿದ್ದರು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳಂತೆ ಮನೆಗೆ ಬಂದಳು. ಮಗಳು ಕನ್ನಡಿಯ ಮುಂದೆ ನಿಂತು ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಿಗೆ ತೂರಿಸಿ ನಗುತ್ತಿದ್ದಳು. ಆ ನಗು ಕಂಡದ್ದೇ ಊರು ಎಲೆಗಾತಿಯ ಮನಸ್ಸಿನಿಂದ ಜಾರಿತು. ತನ್ನ ತಲೆಗೆ ತನ್ನದೇ ಕೈ ಎಂದುಕೊಂಡಳು. ಒಂದೇ ಒಂದು ಕಹಿತತ್ತಿ ಸಿಕ್ಕರೆ ಸಾಕಿತ್ತು.

ಕಹಿಬಳ್ಳಿ ಉಳಿದಿದ್ದುದು ಒಂದೇ ಕಡೆ, ಮರದ ಆಚೆ ಮಗ್ಗುಲಿನಲ್ಲಿ. ಹಕ್ಕಿಗಳು ತೂಕಡಿಸುವ ನಡುಮಧ್ಯಾಹ್ನ ಎಲೆಗಾತಿ ಸೆರಗು ತಲೆಗೆ ಹೊದ್ದು ಅತ್ತ ನಡೆದಳು. ನೆಲ ಹಿಕ್ಕೆಯಿಂದ ಬೆಳ್ಳಗಿತ್ತು. ಬೆಳ್ಳನೆಯ ನೆಲದ ಮೇಲೆ ಬೆಳ್ಳಗಾದ ಮನುಷ್ಯರು ಬಾಗಿ ಗುಡಿಸುತ್ತಿದ್ದರು. ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳನ್ನು ಕಂಡು ಅವರು ತಲೆ ಎತ್ತಲಿಲ್ಲ. ಊರು ತಮ್ಮನ್ನು ಕಾಣುವುದಿಲ್ಲವೆಂದ ಮೇಲೆ ತಾವೇಕೆ ಊರನ್ನು ಕಾಣಬೇಕು?

ಬಳ್ಳಿ ಅಲ್ಲಿ ಕಾಡು ಹಬ್ಬಿದಂತೆ ಹಬ್ಬಿತ್ತು. ಅವಳು ಎಲೆ ಮಗುಚಿ ಮಗುಚಿ ಹುಡುಕಿದಳು. ಅವಸರಕ್ಕೆ ತೊಟ್ಟುಗಳು ಮುರಿದವು. ಆಗ ಹಿಂದಿನಿಂದ ಒಂದು ಕೈ ಬಂದು ಒಂದು ಎಲೆಯನ್ನು ಮೆಲ್ಲಗೆ ತಿರುಗಿಸಿತು. ಎಲೆಯ ಅಡಿಯಲ್ಲಿ, ಹಕ್ಕಿಗಳು ತೂಕಡಿಸುವಾಗ ಯಾವುದೋ ಕಾಡುಚಿಟ್ಟೆ ಇಟ್ಟುಹೋದ, ಸಾಸಿವೆ ಗಾತ್ರದ ಕೆಂಪು ತತ್ತಿ ಅಂಟಿಕೊಂಡಿತ್ತು. ಗುಡಿಸುವ ಮುದುಕ ನಿಂತಿದ್ದ.

"ಯಾರಿಗವ್ವಾ?" ಎಂದ. ಬಹಳ ಕಾಲ ಮಾತಾಡದ ಗಂಟಲು, ಬಾಗಿಲು ಕಿರುಗುಟ್ಟಿದ ಹಾಗೆ ಕೇಳಿಸಿತು.

ಉತ್ತರ ಕೊಟ್ಟರೆ ಏನಾಗುತ್ತದೋ ಎಂದು ಎಲೆಗಾತಿ ಹೆದರಿದಳು. ಹೆದರಿಕೊಂಡೇ ಅಂದಳು, "ಮಗಳಿಗೆ. ಕಹಿ ಸಾಕಿದ್ರೆ ಹಕ್ಕಿ ಮುಟ್ಟಲ್ಲ ಅಲ್ವಾ?"

ಮುದುಕ ಎಲೆ ಬಿಟ್ಟು ಪೊರಕೆ ಎತ್ತಿಕೊಂಡ. "ನನ್ನದೂ ಕಹೀದೇ."

"ಮತ್ತೆ?"

"ಕಚ್ಚದೆ ಕಹಿ ಅಂತ ಹೆಂಗೆ ಗೊತ್ತಾಗ್ಬೇಕವ್ವ ಅದಕ್ಕೆ? ಮೊದಲು ಒಂದನ್ನ ಕಚ್ಚುತ್ತೆ. ಉಗುಳುತ್ತೆ. ಆಮೇಲೆ ಉಳಿದೋವ್ರದ್ದು ಮುಟ್ಟಲ್ಲ. ನನ್ನ ವರ್ಷ ನಂದೊಂದೇ ಹೋಗಿದ್ದು." ಅವನು ಪೊರಕೆಯಿಂದ ಸುತ್ತ ತೋರಿಸಿದ. "ಇವರದ್ದೂ ಅಷ್ಟೇ. ಎಲ್ಲಾ ಕಹಿ."

ಎಲೆಗಾತಿ ಸುತ್ತ ನೋಡಿದಳು. ಊರಿನ ಪಾಪ ಹೊತ್ತವರು, ಕೆಟ್ಟ ಗಳಿಗೆಯವರು ಎಂದು ಅವಳೂ ಇಷ್ಟು ದಿನ ಮುಖ ತಿರುಗಿಸಿದ್ದಳು. ಊರಿನ ಒಂದೊಂದು ಹೆಸರೂ ಇವರು ಬಿಟ್ಟುಕೊಟ್ಟ ಹೆಸರಿನ ಮೇಲೆ ನಿಂತಿತ್ತು. ಅವಳಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಆದರೂ ಎಲೆ ಕಿತ್ತು ತತ್ತಿಯನ್ನೂ ಬಳ್ಳಿಯ ಒಂದು ತುಂಡನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು. ಮೊದಲನೆಯದು ಮಾತ್ರ ಆಗಬಾರದು, ಸರದಿಯಲ್ಲಿ ಹಿಂದೆ ನಿಂತರಾಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮುಂದಿನವರ ಗೂಡುಗಳಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದನ್ನು ನೆನೆಯದಂತೆ ನಡೆದಳು.

ಬಳ್ಳಿಯ ತುಂಡನ್ನು ಕುಂಡದಲ್ಲಿ ನೆಟ್ಟು, ಗೂಡಿನ ಸುತ್ತ ಕರಿಬೇವಿನ ಕೊಂಬೆ ಸಿಕ್ಕಿಸಿ ಮರೆಮಾಡಿದಳು. ನಾತ ತಿಳಿಯದಿರಲೆಂದು ಬಾಗಿಲಲ್ಲಿ ಮಲ್ಲಿಗೆ ತೂಗುಹಾಕಿದಳು. ಹುಳು ಹೊರಬಂತು, ತನ್ನ ತತ್ತಿಯ ಸಿಪ್ಪೆಯನ್ನೇ ಮೊದಲು ತಿಂದಿತು, ಎಲೆ ತಿಂದಿತು, ತೊಟ್ಟು ತಿಂದಿತು, ಕಗ್ಗೆಂಪಾಯಿತು. ಮಗಳು ಅದಕ್ಕೆ ಮುಳ್ಳಪ್ಪ ಎಂದು ಹೆಸರಿಟ್ಟು ದಿನವಿಡೀ ಅದರ ಮುಂದೆ ಕೂರುತ್ತಿದ್ದಳು.

"ಎಲ್ಲರದ್ದೂ ಹಸಿರು. ನಂದ್ಯಾಕಮ್ಮ ಕೆಂಪು?"

"ಇದು ಕಹಿ. ಹಕ್ಕಿ ಉಗುಳಿಬಿಡುತ್ತೆ. ಯಾರ ಹತ್ರಾನೂ ಬಾಯಿಬಿಡಬೇಡ."

"ಹಪ್ಪಳದತ್ತೆ ಮಗಂಗೂ?"

"ಅವನಿಗಂತೂ ಬೇಡವೇ ಬೇಡ."

ಮಗಳು ಬಾಯಿಗೆ ಬೀಗ ಹಾಕಿ, ಕೀಲಿ ಎಸೆದ ಹಾಗೆ ಕೈ ಮಾಡಿದಳು. ಕೋಶ ಕಟ್ಟಿತು. ಹುಳು ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕೊಂಬೆಗೆ ಒರಗಿ ಸುಮ್ಮನಾಯಿತು. ಎಲೆಗಾತಿಗೆ ನಿದ್ದೆ ಹತ್ತಲಿಲ್ಲ. ಮಾಡಿನ ಮೇಲೆ ಮರಿಹಕ್ಕಿಗಳು ಹೆಂಚು ಕುಕ್ಕುವ ಸದ್ದು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು.

ಗೂಡು ಬಿಚ್ಚುವ ದಿನ ಊರು ಮಡಿಯುಟ್ಟು ಬಂತು. ಗೂಡು ಹಿಡಿದ ಮಕ್ಕಳು ಸಾಲಾಗಿ ನಿಂತರು, ಬೆನ್ನ ಹಿಂದೆ ತಾಯಂದಿರು. ಎಲೆಗಾತಿ ಮಗಳನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದಳು. ಅವಳ ಮುಂದೆಯೇ ಹಪ್ಪಳದಾಕೆಯ ಕಿರಿಮಗ. ಮರ ಸದ್ದಿಲ್ಲದೆ ಇತ್ತು. ಕೊಂಬೆಕೊಂಬೆಯಿಂದ ಹಕ್ಕಿಗಳು ಕತ್ತು ಓರೆ ಮಾಡಿ ನೋಡುತ್ತಿದ್ದವು.

ಮೊದಲ ಗೂಡು ಕುಂಬಾರನ ಮಗನದು. ಚಿಟ್ಟೆ ಹೊರಬಂದು ಒಂದು ಸುತ್ತು ಹಾಕಿತು, ಕೆಂಪು ಚುಕ್ಕೆ ಬಿಸಿಲಿಗೆ ಹೊಳೆಯಿತು. ಹೆಸರು ಕೂಗಲು ಊರು ಬಾಯಿ ತೆರೆಯಿತು. ಒಂದು ಹಕ್ಕಿ ಜಾರಿ ಬಂದು ಹಿಡಿಯಿತು, ನುಂಗಿತು, ಕೊಂಬೆಗೆ ಕೊಕ್ಕು ಒರೆಸಿಕೊಂಡಿತು. ಕಾರಿಕೊಳ್ಳಲಿಲ್ಲ. ಅದರ ಪಕ್ಕದ ಹಕ್ಕಿಗಳು ಒಂದೊಂದೇ ಕೊಂಬೆ ಕೆಳಗಿಳಿದವು.

ತೆರೆದ ಬಾಯಿಗಳು ಹಾಗೇ ಉಳಿದವು. ಯಜಮಾನ ಹುಡುಗನ ಕೈಗೆ ಪೊರಕೆ ಕೊಟ್ಟ. ಕುಂಬಾರನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಮಗ ತಿರುಗಿ ತಿರುಗಿ ನೋಡುತ್ತ ಮರದ ಆಚೆ ಹೋದ.

ಎರಡನೆಯದನ್ನು ಎರಡು ಹಕ್ಕಿಗಳು ಕಿತ್ತಾಡಿ ತಿಂದವು. ಸಾಲು ಹಿಂದಕ್ಕೆ ಸರಿಯಿತು. ಯಾರೋ "ನಿಲ್ಲಿಸಿ" ಎಂದರು, ಯಾರೂ ನಿಲ್ಲಿಸಲಿಲ್ಲ. ಕಟ್ಟಳೆ ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಹಕ್ಕಿಗಳು ಈಗ ತಲೆಯೆತ್ತರಕ್ಕೆ ಇಳಿದಿದ್ದವು, ಕೆಲವು ಗೂಡಿನ ಬಟ್ಟೆಯನ್ನೇ ಕುಕ್ಕುತ್ತಿದ್ದವು. ಕೆಂಪು ಅಂದರೆ ಸಿಹಿ ಎಂದು ಅವು ಕಲಿತಾಗಿತ್ತು. ಸರದಿಯಲ್ಲಿ ಹಿಂದೆ ನಿಂತದ್ದರಿಂದ ಏನೂ ಉಳಿಯುವುದಿಲ್ಲವೆಂದು ಎಲೆಗಾತಿಗೆ ಆಗ ನಿಚ್ಚಳವಾಗಿ ಕಂಡಿತು. ಮುಂದಿದ್ದವರೆಲ್ಲ ಹೋಗುತ್ತಾರೆ, ಕೊನೆಗೆ ಮಗಳದ್ದನ್ನೂ ಕಚ್ಚಿಯೇ ಉಗುಳುತ್ತವೆ. ಹೊಟ್ಟೆ ತುಂಬಿದ ಹಕ್ಕಿ ಬಿಟ್ಟರೂ ಬಿಡಬಹುದು, ಆ ಒಂದು ಆಸೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಆ ಆಸೆ ನಿಜವಾಗಲು ಊರಿನ ಮಕ್ಕಳೆಲ್ಲ ಬಲಿಯಾಗಬೇಕಿತ್ತು. ಅವಳು ಮಗಳ ಮುಂಗೈ ಬಿಗಿಹಿಡಿದಳು.

ಹಪ್ಪಳದಾಕೆಯ ಮಗ ಅಳುತ್ತ ಉಚ್ಚೆ ಹೊಯ್ದುಕೊಂಡ. ಮಗಳು ಅವನನ್ನೇ ನೋಡುತ್ತಿದ್ದವಳು ತಾಯಿಯ ಕಡೆ ತಿರುಗಿದಳು.

"ಅಮ್ಮ, ನಂದು ಕಹಿ ಅಲ್ವಾ? ಉಗುಳುತ್ತೆ ಅಂದ್ಯಲ್ಲ?"

"ಸುಮ್ನಿರು."

"ನಂದು ಮೊದಲು ಬಿಟ್ರೆ?"

ಎಲೆಗಾತಿ ಗೂಡಿನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಎಲೆ ಆರಿಸುವವರು ಎಲೆಯ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ಅವಳ ತಾಯಿ ಕಲಿಸಿದ್ದಳು. "ಉಗುಳುತ್ತೆ. ಆದ್ರೆ ಕಚ್ಚಿದ ಮೇಲೆ ಉಗುಳೋದು ಮಗಾ."

ಮಗಳು ಸ್ವಲ್ಪ ಹೊತ್ತು ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸಿದಳು. "ಆಮೇಲೆ ಇವನದ್ದು ಕಚ್ಚಲ್ವಾ?"

"ಕಚ್ಚಲ್ಲ."

"ಯಾರದ್ದೂ?"

"ಯಾರದ್ದೂ ಕಚ್ಚಲ್ಲ."

"ನಂಗೆ ಹೆದರಿಕೆ ಆಗುತ್ತೆ," ಎಂದಳು ಮಗಳು. ಗೂಡನ್ನು ಎದೆಗೆ ಒತ್ತಿಕೊಂಡಳು. "ನೀನು ನನ್ನ ಕರೀತೀಯಲ್ಲ, ಆಮೇಲೂ?"

ಮೂರನೆಯ ಮಗು ಗೂಡಿನ ದಾರಕ್ಕೆ ಕೈ ಹಾಕಿತ್ತು. ಎಲೆಗಾತಿ ಏನೂ ಯೋಚಿಸಲಿಲ್ಲ, ಯೋಚಿಸಿದ್ದರೆ ಆಗುತ್ತಿರಲಿಲ್ಲ. "ಕರೀತೀನಿ," ಎಂದಳು. ಅವಳ ಬೆರಳುಗಳು ಒಂದೊಂದಾಗಿ ಸಡಿಲಗೊಂಡವು. ಮುಂಗೈಯ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ಮಗಳು ಸಾಲು ಬಿಟ್ಟು ಮುಂದೆ ಓಡಿದಳು. "ಸರದಿ! ಸರದಿ!" ಎಂದು ಯಜಮಾನ ಕೂಗುವುದರೊಳಗೆ ದಾರ ಎಳೆದಿದ್ದಳು. ಚಿಟ್ಟೆ ಹೊರಬಂತು. ಅವಸರವಿಲ್ಲದ, ಹೆದರಿಕೆಯಿಲ್ಲದ ಹಾರಾಟ ಅದರದು. ಹಕ್ಕಿಗಳು ಒಟ್ಟಿಗೆ ಎರಗಿದವು. ದೊಡ್ಡದೊಂದು ಕಚ್ಚಿತು, ಮತ್ತೆರಡು ರೆಕ್ಕೆ ಎಳೆದುಕೊಂಡವು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಚ್ಚಿದ ಹಕ್ಕಿ ಕಿರುಚಿತು. ಹಾಗೆ ಹಕ್ಕಿ ಕಿರುಚಿದ್ದನ್ನು ಊರು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅದು ನೆಲಕ್ಕೆ ಬಿದ್ದು, ಕೊಕ್ಕನ್ನು ಮಣ್ಣಿಗೆ ಉಜ್ಜಿ ಉಜ್ಜಿ ಕಾರಿಕೊಂಡಿತು. ಉಳಿದೆರಡೂ ತಲೆ ಕೊಡವಿ ಕಾರಿಕೊಂಡವು. ಮರದ ಹಕ್ಕಿಗಳೆಲ್ಲ ಅದನ್ನು ನೋಡಿದವು, ನೋಡಿ ಮೇಲಿನ ಕೊಂಬೆಗಳಿಗೆ ಸರಿದವು.

ಹಪ್ಪಳದಾಕೆ ಸರದಿ ನೋಡದೆ ಮಗನನ್ನು ಮುಂದೆ ನೂಕಿದಳು. ಅವನ ಚಿಟ್ಟೆ ಹಾರಿತು. ಹಕ್ಕಿಗಳು ಮುಖ ತಿರುಗಿಸಿದವು. ಊರು ಅವನ ಹೆಸರನ್ನು ಕೂಗಿತು. ಮುಂದಿನದು ಹಾರಿತು, ಅದರ ಮುಂದಿನದು ಹಾರಿತು, ಕೆಂಪು ಚುಕ್ಕೆಗಳು ಮಾಡುಗಳನ್ನು ದಾಟಿ ಹೋದವು, ಹೆಸರಿನ ಮೇಲೆ ಹೆಸರು ಕೂಗಿ ಊರಿನ ಗಂಟಲು ಬಿದ್ದುಹೋಯಿತು. ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ಅತ್ತರು.

ಆ ಗದ್ದಲದಲ್ಲೇ ಯಜಮಾನ ಎಲೆಗಾತಿಯ ಮಗಳ ಕೈಗೆ ಪೊರಕೆ ಕೊಟ್ಟ. ಪೊರಕೆ ಅವಳಿಗಿಂತ ಎತ್ತರವಿತ್ತು. ಊರು ಅವಳನ್ನು ಕಾಣುವುದನ್ನು ಬಿಟ್ಟಿತು. ಹಪ್ಪಳದಾಕೆಯ ಮಗ ಮಾತ್ರ ಗೆಳತಿಯನ್ನು ಕೂಗಲು ಬಾಯಿ ತೆರೆದ, ಅವನ ತಾಯಿ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅವಳ ಕಣ್ಣು ಎಲೆಗಾತಿಯ ಕಣ್ಣನ್ನು ಕಂಡಿತು, ಕಂಡು ನೆಲ ನೋಡಿತು.

ಮಗಳು ಪೊರಕೆ ಎಳೆದುಕೊಂಡು ನಡೆದಳು. ತಿರುಗಿ ನೋಡಲಿಲ್ಲ, ಕರೆಯಲಿ ಎಂದು ಕಾಯುತ್ತಿದ್ದವಳ ನಡಿಗೆ ಅದು. ಮರದ ನೆರಳು ಅವಳ ಕಾಲನ್ನು, ಆಮೇಲೆ ಸೊಂಟವನ್ನು, ಆಮೇಲೆ ಜಡೆಯನ್ನು ತೆಗೆದುಕೊಂಡಿತು. ಎಲೆಗಾತಿ ಒಂದು ಹೆಜ್ಜೆ ಮುಂದಿಟ್ಟಳು. ಕರೆದರೆ ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ, ನಾಳೆಯಿಂದ ಈ ಜನರಲ್ಲಿ ಒಬ್ಬರೂ ಅವಳ ಮುಖ ನೋಡುವುದಿಲ್ಲ. ಅವಳಿಗೆ ಹುಟ್ಟಿದಂದಿನಿಂದ ಆಗದಷ್ಟು ಹೆದರಿಕೆಯಾಯಿತು. ಆ ಹೆದರಿಕೆ ಹೋಗಲಿ ಎಂದು ಕಾದಳು. ಅದು ಹೋಗಲಿಲ್ಲ. ಹೆದರಿಕೊಂಡೇ ಬಾಯಿ ತೆರೆದಳು.

"ದೇವೀರೀ!"

ಯಜಮಾನನ ಬಾಯಿಂದ ತಾಂಬೂಲದ ರಸ ಇಳಿಯಿತು. ಅಪ್ಪಿಕೊಂಡವರು ಅಪ್ಪಿಕೊಂಡ ಹಾಗೇ ಒಬ್ಬೊಬ್ಬರಾಗಿ ಎಲೆಗಾತಿಗೆ ಬೆನ್ನು ತಿರುಗಿಸಿದರು.

ಮರದ ಆಚೆ ಪೊರಕೆಯ ಸದ್ದು ನಿಂತಿತು. ಹಿತ್ತಿಲಲ್ಲಿ ಆಡುತ್ತಿದ್ದಾಗ ಓಗೊಡುತ್ತಿದ್ದ ಹಾಗೆಯೇ ಮಗಳ ದನಿ ಬಂತು.

"ಏನಮ್ಮಾ?"

"ಅಲ್ಲೇ ಇರು ಮಗಾ, ಬಂದೆ," ಎಂದು ಎಲೆಗಾತಿ ಆ ಕಡೆ ನಡೆದಳು.